ನೀರಿದ್ದಲ್ಲಿ ಕಾವಲು

ಕಬ್ಬಿನ ಹಂಗಾಮು ಮೊದಲಾಗಿ, ಕೃಷ್ಣೆಯ ದಂಡೆಯ ಗಲಗಲಿಯಿಂದ ಹಿಡಿದು ಬೀಳಗಿ, ಮುಧೋಳ, ಜಮಖಂಡಿಗಳ ಎರೆಭೂಮಿಯ ಉದ್ದಗಲಕ್ಕೂ ಗಾಣಗಳು ತಿರುಗತೊಡಗುವ ಕಾಲದಲ್ಲಿ, ಈ ಸೀಮೆಯ ಸಣ್ಣ ಮಕ್ಕಳೂ ಬಲ್ಲ ಒಂದು ಸಂಗತಿಯುಂಟು: ಬೆಳಿಗ್ಗೆ ಹಿಂಡಿದ ಕಬ್ಬಿನ ಹಾಲು ಸಂಜೆಯಾಗುವುದರೊಳಗೆ ಹುಳಿವಾಸನೆ ಹಿಡಿಯುತ್ತದೆ; ಅದೇ ಹಾಲನ್ನು ಕೊಪ್ಪರಿಗೆಗೆ ಸುರಿದು ಕುದಿಸಿ, ಅದರೊಳಗಿನ ನೀರನ್ನೆಲ್ಲ ಹಬೆಯಾಗಿ ಓಡಿಸಿದರೆ ಉಳಿಯುವ ಬೆಲ್ಲವು ಮಹಾಲಿಂಗಪುರದ ಪೇಟೆಯನ್ನು ದಾಟಿ, ಯಾರದೋ ಮನೆಯ ಅಟ್ಟವನ್ನೇರಿ, ಮುಂದಿನ ಸುಗ್ಗಿಯವರೆಗೂ ಕೆಡದೆ ಕುಳಿತಿರುತ್ತದೆ. ಹಾಲಿನಲ್ಲಿದ್ದ ಸಕ್ಕರೆಯೇ ಬೆಲ್ಲದಲ್ಲಿಯೂ ಇರುವುದು. ಸೂಕ್ಷ್ಮಜೀವಿಗಳಿಗೆ ಅದು ಪ್ರಿಯವಾದ ಆಹಾರವೇ ಸರಿ. ವ್ಯತ್ಯಾಸವೆಲ್ಲ ನೀರಿನದು. ಬೆಲ್ಲದಲ್ಲಿ ಉಳಿದಿರುವ ಅಲ್ಪಸ್ವಲ್ಪ ನೀರನ್ನೂ ಸಕ್ಕರೆಯೇ ಬಿಗಿಯಾಗಿ ಹಿಡಿದಿಟ್ಟುಕೊಂಡಿರುವುದರಿಂದ, ಬ್ಯಾಕ್ಟೀರಿಯವಾಗಲಿ ಬೂಷ್ಟಾಗಲಿ ಅದನ್ನು ಹೀರಿ ಬೆಳೆಯಲಾರದು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ವಿಷಯದಲ್ಲಿಯೂ, ಔಷಧದ ಅಂಗಡಿಯಿಂದ ತರುವ ಮುಲಾಮಿನ ಟ್ಯೂಬಿನ ವಿಷಯದಲ್ಲಿಯೂ ನಡೆಯುವ ನಿಯಮವು ಇದೇ ಆಗಿದೆ.

ಈ ಡಬ್ಬಿ, ಟ್ಯೂಬುಗಳೊಳಗೆ ಕೆಡದಂತೆ ಬೆರೆಸುವ ದ್ರವ್ಯಗಳಿಗೆ ಸಂರಕ್ಷಕಗಳೆಂದು ಹೆಸರು. ಅಂಗಡಿಯ ಮಾತಿನಲ್ಲಿ ಪ್ರಿಸರ್ವೇಟಿವ್. ಅವುಗಳ ಮೇಲೆ ಈಚೆಗೆ ಜನರಲ್ಲಿ ದೊಡ್ಡ ಭೀತಿಯೊಂದು ಹುಟ್ಟಿಕೊಂಡಿದೆ. ಗಾಲವ ಋಷಿಯ ಹೆಸರನ್ನು ಹೊತ್ತುಕೊಂಡಿದೆಯೆಂದು ಸ್ಥಳೀಯರು ನಂಬುವ, ದ್ವೈತ ವೇದಾಂತದ ಪಂಡಿತರ ಮನೆತನಗಳಿಂದಲೂ ಹರಿದಾಸಿ ಗಲಗಲಿ ಅವ್ವನಿಂದಲೂ ಹೆಸರಾಂತ ಗಲಗಲಿಯನ್ನು ಮುಂದಿಟ್ಟುಕೊಂಡು ಬರೆಯುವಾಗ, ಆ ಪಂಡಿತರ ವಾದಕ್ರಮವನ್ನೇ ಅನುಸರಿಸುವುದು ಉಚಿತವಷ್ಟೆ: ಎದುರು ಪಕ್ಷದ ಮಾತನ್ನು ಮೊಟಕುಗೊಳಿಸದೆ ಪೂರ್ಣವಾಗಿ ಹೇಳಿದ ತರುವಾಯವೇ ತನ್ನ ಸಿದ್ಧಾಂತವನ್ನು ಹೇಳತಕ್ಕದ್ದು. ಇಲ್ಲಿನ ಪೂರ್ವಪಕ್ಷವು ಹೀಗಿದೆ. ನಮ್ಮ ಅಜ್ಜಿಯರು ಅರಿಸಿನ, ಗಂಧ, ಕಾಡಿಗೆ, ಹರಳೆಣ್ಣೆಗಳಿಂದಲೇ ಮೈಯನ್ನು ನೋಡಿಕೊಂಡರು. ಅವುಗಳಿಗೆ ಯಾವ ಸಂರಕ್ಷಕವನ್ನೂ ಅವರು ಬೆರೆಸಲಿಲ್ಲ. ಕಾರ್ಖಾನೆಯವರು ತಮ್ಮ ಸರಕು ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತು ಮಾರಾಟವಾಗಲೆಂಬ ಲೋಭದಿಂದ ವಿಷವನ್ನು ಬೆರೆಸುತ್ತಾರೆ. ಆದಕಾರಣ ಸಂರಕ್ಷಕವಿಲ್ಲವೆಂದು ಮುದ್ರಿಸಿದ ಡಬ್ಬಿಯನ್ನೇ ಕೊಳ್ಳತಕ್ಕದ್ದು.

ಇದರ ಮೊದಲರ್ಧವು ನಿಜ. ಆದರೆ ಅದರಿಂದ ಎರಡನೆಯ ಅರ್ಧವು ಹೊರಡುವುದಿಲ್ಲ. ಅಜ್ಜಿಯರ ಸಾಮಗ್ರಿಗೆ ಸಂರಕ್ಷಕ ಬೇಕಾಗಲಿಲ್ಲವೇಕೆಂದರೆ ಅದರಲ್ಲಿ ನೀರಿರಲಿಲ್ಲ. ಇದ್ದರೆ ಅದು ಆ ಹೊತ್ತಿನಲ್ಲಿಯೇ ಮುಗಿದುಹೋಗುತ್ತಿದ್ದಿತು. ಕುಂಕುಮ ಅರಿಸಿನಗಳು ಒಣಪುಡಿಗಳು, ಹರಳೆಣ್ಣೆಯೊಳಗೆ ನೀರಿಲ್ಲ, ದೀಪದ ಮಸಿಯನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದ ಕಾಡಿಗೆಯಲ್ಲಿಯೂ ಇಲ್ಲ, ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯ್ದದ್ದು ನಿಜವಾದರೂ ಅದು ಅಂದಂದಿನ ಲೇಪಕ್ಕೇ ಹೊರತು ಭರಣಿಯಲ್ಲಿ ತುಂಬಿಡುವುದಕ್ಕಲ್ಲ. ಆಯುರ್ವೇದದ ವೈದ್ಯರಂತೂ ಈ ವಿಷಯದಲ್ಲಿ ಅತ್ಯಂತ ಜಾಗರೂಕರಾಗಿದ್ದರು. ಮೂಲಿಕೆಗಳ ಕಷಾಯವನ್ನೂ ಕಲ್ಕವನ್ನೂ ಎಣ್ಣೆಯೊಡನೆ ಕೂಡಿಸಿ ಕಾಯಿಸುವ ತೈಲಪಾಕದಲ್ಲಿ, ಪಾಕವು ಸಿದ್ಧವಾಯಿತೇ ಇಲ್ಲವೇ ಎಂಬುದನ್ನು ಅರಿಯಲು ಶಾರ್ಙ್ಗಧರ ಸಂಹಿತೆ ಮೊದಲಾದ ಗ್ರಂಥಗಳು ಹೇಳುವ ಲಕ್ಷಣಗಳಲ್ಲೊಂದು, ಅದರ ಕಲ್ಕವನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿದಾಗ ಚಟಚಟ ಶಬ್ದವಾಗದಿರುವುದು. ಆ ಶಬ್ದವು ಒಳಗೆ ಉಳಿದ ನೀರು ಹಬೆಯಾಗಿ ಸಿಡಿಯುವ ಶಬ್ದವೇ ಆಗಿದೆ. ಸೂಕ್ಷ್ಮಜೀವಿಯೆಂಬುದೊಂದಿದೆಯೆಂದು ಯಾರೂ ಕಾಣದಿದ್ದ ಕಾಲದಲ್ಲಿ, ನೀರು ಪೂರ್ತಿಯಾಗಿ ಹೋಯಿತೆಂಬುದನ್ನು ಕಿವಿಯಿಂದಲೇ ಪರೀಕ್ಷಿಸಿದ ಆ ವೈದ್ಯರ ಕ್ರಮವು ಇಂದಿನ ಪ್ರಯೋಗಶಾಲೆಯಲ್ಲಿಯೂ ಒಪ್ಪತಕ್ಕದ್ದು. ಇನ್ನು ಆಸವ, ಅರಿಷ್ಟಗಳಲ್ಲಿ ನೀರು ಇದ್ದೇ ಇದೆ. ಆದರೆ ಅವು ಹುದುಗಿ ತಮ್ಮೊಳಗೆ ತಾವೇ ಮದ್ಯಸಾರವನ್ನು ಹುಟ್ಟಿಸಿಕೊಳ್ಳುವುದರಿಂದ, ಅವುಗಳಿಗೆ ಆ ಮದ್ಯಸಾರವೇ ಸಂರಕ್ಷಕ. ತುಪ್ಪವನ್ನು ನೂರು ಸಲ ನೀರಿನಲ್ಲಿ ತೊಳೆದು ಬೆಣ್ಣೆಯಂತೆ ನಯಗೊಳಿಸಿ ಸುಟ್ಟಗಾಯಕ್ಕೆ ಹಚ್ಚುವ ಶತಧೌತ ಘೃತವು ಮಾತ್ರ, ನೀರನ್ನು ಒಳಗಿಟ್ಟುಕೊಂಡ ನಿಜವಾದ ಕ್ರೀಮು. ಅದನ್ನು ಹೊಸದಾಗಿ ಮಾಡಿ ಬಳಸುವುದೇ ಲೇಸು.

ಹಾಗೆಂದು ಹಳೆಯದೆಲ್ಲ ನಿರ್ದೋಷವೆಂದು ಯಾರೂ ಭ್ರಮಿಸಬಾರದು. ಪೇಟೆಯ ಸುರ್ಮಾದಲ್ಲಿ ಸೀಸವಿರುವುದುಂಟು. ಒಣಪುಡಿಯೂ ಅಪಾಯವನ್ನು ಹೊರಬಲ್ಲದು: 1940ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ, ಧನುರ್ವಾಯುವಿನ ಬೀಜಾಣುಗಳಿದ್ದ ಟಾಲ್ಕಂ ಪುಡಿಯನ್ನು ಹಚ್ಚಿದ ಹಸುಗೂಸುಗಳು ಆ ರೋಗದಿಂದಲೇ ಸತ್ತವು. ನೀರಿಲ್ಲದಲ್ಲಿ ಸೂಕ್ಷ್ಮಜೀವಿ ಬೆಳೆಯದು. ಆದರೆ ಮಲಗಿ ಕಾಯುವುದನ್ನು ಅದು ಬಲ್ಲದು.

ಮೈಸೂರು ಸಂಸ್ಥಾನದ ಉದಾಹರಣೆಯೂ ನೀರಿನ ಈ ನಿಯಮವನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಧದ ಮರದ ರಫ್ತು ಕುಂಠಿತವಾಗಲು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಹುಟ್ಟಿಕೊಂಡವು. ಕನ್ನಡನಾಡಿನ ಮನೆಮನೆಯನ್ನು ಹೊಕ್ಕ ಆ ಸೌಂದರ್ಯ ಸಾಧನವು ಗಟ್ಟಿಯಾದ, ಕ್ಷಾರಗುಣವುಳ್ಳ, ಸ್ವಲ್ಪವೇ ನೀರಿರುವ ಸಾಬೂನಿನ ಬಿಲ್ಲೆಯಾಗಿದ್ದುದರಿಂದ, ಅದರಲ್ಲಿ ಬೂಷ್ಟು ಬೆಳೆಯುವ ಪ್ರಶ್ನೆಯೇ ಏಳಲಿಲ್ಲ. ಆದರೆ ಅದೇ ದಶಕದ ಕೊನೆಗೆ, 1919ರಲ್ಲಿ, ಮುಂಬಯಿಯಿಂದ ಅಫ್ಘಾನ್ ಸ್ನೋ ಎಂಬ ಕ್ರೀಮು ಹೊರಬಂದಿತು. ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳು ಇಂದಿಗೂ ಮುಖಕ್ಕೆ ಹಚ್ಚುವ ಯಾವ ಕ್ರೀಮನ್ನಾದರೂ ‘ಸ್ನೋ’ ಎಂದು ಕರೆಯುವುದನ್ನು ಕೇಳುತ್ತೇವಷ್ಟೆ. ಸ್ಟಿಯರಿಕ್ ಆಮ್ಲವನ್ನು ನೀರಿನಲ್ಲಿ ಕದಡಿ ಹಿಮದಂತೆ ಬೆಳ್ಳಗೆ, ಹಗುರಾಗಿ ಮಾಡುವ ಈ ಬಗೆಯ ಕ್ರೀಮುಗಳಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಹಚ್ಚಿದೊಡನೆ ಅದು ಮಾಯವಾಗುವಂತೆ ತೋರುವುದೂ, ಮೈಗೆ ತಂಪೆನಿಸುವುದೂ, ಜಿಡ್ಡಾಗದಿರುವುದೂ, ಬೆಲೆ ಅಗ್ಗವಾಗುವುದೂ ಆ ನೀರಿನಿಂದಲೇ. ಎಣ್ಣೆ, ಕೊಬ್ಬು, ಸಾರಜನಕ, ಸಕ್ಕರೆಯ ಜಾತಿಯ ಪದಾರ್ಥಗಳು, ಜೊತೆಗೆ ಯಥೇಚ್ಛವಾದ ನೀರು: ಸೂಕ್ಷ್ಮಜೀವಿಯು ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಅದರ ಮೇಲೆ ಗಲಗಲಿಯ ಬೇಸಗೆಯ ಧಗೆ, ತಗಡಿನ ಮಾಳಿಗೆಯ ಕೆಳಗಿನ ಗೂಡು, ದಿನಕ್ಕೆರಡು ಸಲ ಒಳಗಿಳಿಯುವ ಬೆರಳು.

ಕಾವಲಿಲ್ಲದ ಡಬ್ಬಿಯಲ್ಲಿ ಏನಾಗುತ್ತದೆಂಬುದು ಊಹೆಯ ಮಾತಲ್ಲ. 1966ರಲ್ಲಿ ಲಂಡನ್ನಿನ ಚರ್ಮರೋಗದ ಆಸ್ಪತ್ರೆಯೊಂದರ ನೋಬಲ್ ಮತ್ತು ಸ್ಯಾವಿನ್ ಎಂಬ ಸಂಶೋಧಕರು, ರೋಗಿಗಳ ಚರ್ಮಕ್ಕೆ ಹಚ್ಚಲೆಂದು ಇಟ್ಟ ಸ್ಟಿರಾಯ್ಡ್ ಕ್ರೀಮಿನಲ್ಲಿಯೇ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯವು ನೆಲೆಸಿರುವುದನ್ನು ಕಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಣಪಡಿಸಲು ಬಂದ ಔಷಧವೇ ಸೋಂಕನ್ನು ಹೊತ್ತುಕೊಂಡು ಬಂದಿದ್ದಿತು. 1970ರ ದಶಕದಲ್ಲಿ ಅಮೆರಿಕದ ಕಣ್ಣಿನ ವೈದ್ಯರು, ಕೆಟ್ಟ ಮಸ್ಕಾರಾದ ಕುಂಚವು ಕಣ್ಣಿಗೆ ತಗುಲಿ ಕರಿಗುಡ್ಡೆಯಲ್ಲಿ ಹುಣ್ಣಾದ ಹೆಂಗಸರನ್ನು ಕಂಡರು. ಇವೆಲ್ಲಕ್ಕಿಂತ ನಮಗೆ ಸಮೀಪದ, ಭಯಂಕರವಾದ ದೃಷ್ಟಾಂತವು ಈಚಿನದು. ಚೆನ್ನೈ ಸಮೀಪದ ಕಾರ್ಖಾನೆಯೊಂದು ತಯಾರಿಸಿ ಅಮೆರಿಕಕ್ಕೆ ಕಳುಹಿಸಿದ ಕಣ್ಣಿನ ಹನಿಗಳು ಸಂರಕ್ಷಕವಿಲ್ಲವೆಂಬ ಹೆಗ್ಗಳಿಕೆಯಿಂದ, ಅನೇಕ ದಿನ ಬಳಸುವ ಬಾಟಲಿಗಳಲ್ಲಿ ಮಾರಾಟವಾಗುತ್ತಿದ್ದವು. 2023ರಲ್ಲಿ ಅವುಗಳ ಸಂಬಂಧವುಳ್ಳ ಸ್ಯೂಡೋಮೊನಾಸ್ ಸೋಂಕು ಅಲ್ಲಿನ 18 ರಾಜ್ಯಗಳ 81 ಜನರಲ್ಲಿ ಪತ್ತೆಯಾಗಿ, 14 ಜನರ ದೃಷ್ಟಿ ಹೋಯಿತು, 4 ಜನ ಸತ್ತರು. ಕಾರ್ಖಾನೆಯ ಶುಚಿತ್ವದ ದೋಷಗಳು ಇದರಲ್ಲಿ ದೊಡ್ಡ ಪಾಲನ್ನು ಹೊಂದಿದ್ದುವೆಂಬುದು ದಿಟ. ಆದರೆ ಅನೇಕ ಸಲ ತೆರೆದು ಮುಚ್ಚುವ ಬಾಟಲಿಯಲ್ಲಿ ತಕ್ಕ ಸಂರಕ್ಷಕವಿಲ್ಲದಿದ್ದುದನ್ನೂ ಅಮೆರಿಕದ ಔಷಧ ನಿಯಂತ್ರಕರು ದೋಷವೆಂದೇ ಎತ್ತಿ ಹೇಳಿದರು. ಸಂರಕ್ಷಕವಿಲ್ಲದ ಕಣ್ಣಿನ ಹನಿ ಬೇಕೇ ಬೇಕೆಂದರೆ ಅದು ಒಂದೇ ಸಲಕ್ಕೆ ಮುಗಿಯುವ ಪುಟ್ಟ ಕೊಳವೆಯಲ್ಲಿಯೋ, ಹೊರಗಿನ ಸೂಕ್ಷ್ಮಜೀವಿ ಒಳನುಗ್ಗದಂತೆ ರಚಿಸಿದ ವಿಶೇಷ ಬಾಟಲಿಯಲ್ಲಿಯೋ ಬರತಕ್ಕದ್ದು.

ಪಶ್ಚಿಮದ ಔಷಧಕಾರರು ಸಂರಕ್ಷಕಗಳನ್ನು ಕಂಡುಕೊಂಡ ದಾರಿಯಲ್ಲಿ ನಮಗೆ ಪರಿಚಿತವಾದ ವಸ್ತುವೊಂದಿದೆ. ನಾವು ಕೆಂಡದ ಮೇಲೆ ಹಾಕಿ ಧೂಪವೆಬ್ಬಿಸುವ ಲೋಬಾನದ ಅಂಟಿನಲ್ಲಿ ಬೆಂಜಾಯಿಕ್ ಆಮ್ಲವಿದೆ. ಹಂದಿಯ ಕೊಬ್ಬಿನಿಂದ ಮುಲಾಮು ಮಾಡುತ್ತಿದ್ದ ಬ್ರಿಟಿಷ್ ಔಷಧಕಾರರು, ಆ ಕೊಬ್ಬು ಕಮಟಾಗದಿರಲೆಂದು ಅದನ್ನು ಲೋಬಾನದೊಡನೆ ಕಾಯಿಸಿ ಸೋಸುತ್ತಿದ್ದರು. ಅವರ ಅಧಿಕೃತ ಔಷಧಕೋಶದಲ್ಲಿಯೂ ಅದಕ್ಕೆ ಸ್ಥಾನವಿದ್ದಿತು. ಅದೇ ಬೆಂಜಾಯಿಕ್ ಆಮ್ಲದ ಉಪ್ಪಾದ ಸೋಡಿಯಂ ಬೆಂಜೊಯೇಟ್ ಇಂದು ಶಾಂಪೂವಿನಲ್ಲಿಯೂ ಉಂಟು, ಶರಬತ್ತಿನಲ್ಲಿಯೂ ಉಂಟು. ಆದರೆ ಹುಳಿಗುಣವುಳ್ಳ ದ್ರವದಲ್ಲಲ್ಲದೆ ಅದು ತನ್ನ ಕೆಲಸವನ್ನು ಮಾಡಲಾರದು. ಈ ಮಿತಿಯಿಲ್ಲದ ಸಂರಕ್ಷಕಗಳನ್ನು ಹುಡುಕುತ್ತಿದ್ದವರಿಗೆ 1920ರ ದಶಕದಲ್ಲಿ ದೊರೆತದ್ದು ಪ್ಯಾರಾಬೆನ್ನುಗಳು. ಹುಳಿಯಲ್ಲಿಯೂ ಹುಳಿಯಿಲ್ಲದೆಡೆಯಲ್ಲಿಯೂ ಕೆಲಸ ಮಾಡುವ, ಬಣ್ಣ ವಾಸನೆಗಳಿಲ್ಲದ, ಅಗ್ಗವಾದ ಈ ಕುಟುಂಬವು ಮುಂದಿನ ಏಳೆಂಟು ದಶಕಗಳ ಕಾಲ ಜಗತ್ತಿನ ಕ್ರೀಮುಗಳನ್ನು ಕಾಯಿತು. ಟ್ಯೂಬುಗಳ ಮೇಲೆ ಮಿಥೈಲ್ ಪ್ಯಾರಾಬೆನ್, ಪ್ರೊಪೈಲ್ ಪ್ಯಾರಾಬೆನ್ ಎಂಬ ಎರಡು ಹೆಸರುಗಳು ಜೋಡಿಯಾಗಿಯೇ ಕಾಣಿಸಿಕೊಳ್ಳುವುದಕ್ಕೆ ಕಾರಣವುಂಟು: ಮೊದಲನೆಯದು ನೀರಿನಲ್ಲಿ ಹೆಚ್ಚು ಕರಗುತ್ತದೆ, ಎರಡನೆಯದು ಕಡಿಮೆ ಕರಗಿದರೂ ಹೆಚ್ಚು ಪ್ರಬಲ. ಕ್ರೀಮಿನಲ್ಲಿರುವ ಎಣ್ಣೆಯು ಸಂರಕ್ಷಕದ ಒಂದು ಭಾಗವನ್ನು ತನ್ನೊಳಗೆ ಎಳೆದುಕೊಂಡುಬಿಡುತ್ತದೆ. ಶತ್ರುವೋ ನೀರಿನಲ್ಲಿ ವಾಸಿಸುತ್ತದೆ. ಆದುದರಿಂದ ನೀರಿನ ಭಾಗದಲ್ಲಿ ಎಷ್ಟು ಉಳಿಯಿತೆಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಎಷ್ಟು ಬೆರೆಸಿದರೆ ಸಾಕೆಂಬುದನ್ನು ಅಂದಾಜಿನಿಂದ ನಿರ್ಣಯಿಸುವುದಿಲ್ಲ. ಸಿದ್ಧವಾದ ಕ್ರೀಮಿನೊಳಗೆ ಬೇಕೆಂದೇ ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳನ್ನು, ಎಂದರೆ ಕೀವಿನ ಸ್ಟ್ಯಾಫಿಲೊಕಾಕಸ್, ನೀರಿನ ಸ್ಯೂಡೋಮೊನಾಸ್, ಕ್ಯಾಂಡಿಡಾ ಎಂಬ ಶಿಲೀಂಧ್ರ, ಆಸ್ಪರ್ಜಿಲಸ್ ಎಂಬ ಕರಿಯ ಬೂಷ್ಟು ಮೊದಲಾದವನ್ನು ಸೇರಿಸಿ, 28 ದಿನಗಳವರೆಗೆ ಮತ್ತೆ ಮತ್ತೆ ಎಣಿಸಿ ನೋಡುವ ಪರೀಕ್ಷೆಯಿದೆ. ನಿಗದಿಯಾದ ಅವಧಿಯಲ್ಲಿ ಅವುಗಳ ಸಂಖ್ಯೆ ನಿಗದಿಯಾದಷ್ಟು ಕುಸಿಯದಿದ್ದರೆ ಆ ಕ್ರೀಮು ಅನುತ್ತೀರ್ಣ. ಮನೆಯಲ್ಲಿ ಲೋಳೆಸರದ ತಿರುಳನ್ನು ಅರೆದು ಬಾಟಲಿಗೆ ತುಂಬಿ ಮಾರುವವರಲ್ಲಿ ಎಷ್ಟು ಜನರು ಈ ಪರೀಕ್ಷೆಯನ್ನು ಮಾಡಿಸಿದ್ದಾರೆಂದು ಕೇಳಿ ನೋಡಬೇಕು.

ಇಷ್ಟು ಹೇಳಿದ್ದರಿಂದ ಸಂರಕ್ಷಕಗಳೆಲ್ಲ ಸಾಧುಗಳೆಂದು ನಾನು ವಾದಿಸಿದಂತಾಗಲಿಲ್ಲ. ಜೀವಕೋಶವನ್ನು ಕೊಲ್ಲುವುದೇ ಕೆಲಸವಾಗಿರುವ ದ್ರವ್ಯವು, ಅದನ್ನು ಹಚ್ಚಿಕೊಂಡವರ ಜೀವಕೋಶಗಳೊಡನೆ ಎಂದಿಗೂ ಜಗಳವಾಡದೆಂದು ಯಾರು ಹೇಳಬಲ್ಲರು? 1972ರಲ್ಲಿ ಫ್ರಾನ್ಸಿನಲ್ಲಿ, ಕಾರ್ಖಾನೆಯ ತಪ್ಪಿನಿಂದ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕವು ಶೇಕಡಾ 6ರಷ್ಟು ಬೆರೆತುಹೋದ ಟಾಲ್ಕಂ ಪುಡಿಯಿಂದ 36 ಶಿಶುಗಳು ಸತ್ತವು. ಪಾದರಸದ ಸಂಯುಕ್ತಗಳೂ ಒಂದು ಕಾಲಕ್ಕೆ ಗೌರವಸ್ಥ ಸಂರಕ್ಷಕಗಳಾಗಿದ್ದವು. ಇಂದು ನಮ್ಮ ಕಾನೂನು ಕಣ್ಣಿನ ಪ್ರಸಾಧನಗಳಲ್ಲಿ ಹತ್ತು ಲಕ್ಷದಲ್ಲಿ 70 ಭಾಗವನ್ನೂ ಉಳಿದವುಗಳಲ್ಲಿ ಅರಿಯದೆ ಸೇರಿದ ಒಂದು ಭಾಗವನ್ನೂ ಮೀರಿದ ಪಾದರಸವನ್ನು ಒಪ್ಪುವುದಿಲ್ಲ. ಆದರೂ ಮೈಬಣ್ಣವನ್ನು ಬಿಳುಪಾಗಿಸುವ ಕಳ್ಳ ಕ್ರೀಮುಗಳಲ್ಲಿ ಅದು ಧಾರಾಳವಾಗಿ ಬರುತ್ತಲೇ ಇದೆ, ಮತ್ತು ಕೇರಳದ ಮಲಪ್ಪುರಂ ಭಾಗದ ವೈದ್ಯರು ಅಂಥ ಕ್ರೀಮುಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ರೋಗವನ್ನು ಗುರುತಿಸಿ ವರದಿಮಾಡಿದ್ದಾರೆ.

ಜನರು ಹೆಚ್ಚು ಹೆದರುವುದು ಒಂದಕ್ಕೆ, ಹೆದರಬೇಕಾದುದು ಇನ್ನೊಂದಕ್ಕೆ ಎಂಬುದು ಈ ಪ್ರಕರಣದ ವಿಚಿತ್ರ. 2004ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸ್ತನದ 20 ಗಡ್ಡೆಗಳನ್ನು ಪರೀಕ್ಷಿಸಿ ಅವುಗಳಲ್ಲಿ ಪ್ಯಾರಾಬೆನ್ ಇರುವುದನ್ನು ಕಂಡರು. ಆರೋಗ್ಯವಂತ ಅಂಗಾಂಶದೊಡನೆ ಹೋಲಿಸಿ ನೋಡಿರಲಿಲ್ಲ. ಗಡ್ಡೆಗೆ ಅದೇ ಕಾರಣವೆಂದು ಅವರು ಸಾಬೀತುಪಡಿಸಿರಲೂ ಇಲ್ಲ. ಆದರೆ ಪ್ಯಾರಾಬೆನ್ನೇ ಕ್ಯಾನ್ಸರಿನ ಮೂಲವೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಯುರೋಪಿನ ನಿಯಂತ್ರಕರು 2014ರಲ್ಲಿ, ಸುರಕ್ಷತೆಗೆ ಸಾಕಷ್ಟು ಮಾಹಿತಿಯಿಲ್ಲದ ಐದು ಪ್ಯಾರಾಬೆನ್ನುಗಳನ್ನು ನಿಷೇಧಿಸಿ, ಪ್ರೊಪೈಲ್ ಮತ್ತು ಬ್ಯೂಟೈಲ್ ಪ್ಯಾರಾಬೆನ್ನುಗಳ ಮಿತಿಯನ್ನು ಇಳಿಸಿ, ಮಿಥೈಲ್ ಮತ್ತು ಈಥೈಲ್‌ಗಳನ್ನು ಇದ್ದಂತೆಯೇ ಉಳಿಸಿಕೊಂಡರು. ಚರ್ಮದ ಅಲರ್ಜಿಯ ದೃಷ್ಟಿಯಿಂದ ನೋಡಿದರಂತೂ ಪ್ಯಾರಾಬೆನ್ನುಗಳು ಎಷ್ಟು ನಿರುಪದ್ರವಿಗಳೆಂದರೆ, ಪ್ರತಿ ವರ್ಷವೂ ಒಂದು ದ್ರವ್ಯವನ್ನು ವರ್ಷದ ಅಲರ್ಜಿಕಾರಕವೆಂದು ಸಾರುವ ಅಮೆರಿಕದ ಸ್ಪರ್ಶಚರ್ಮರೋಗ ತಜ್ಞರ ಸಂಘವು 2019ರಲ್ಲಿ ಇವನ್ನು ಅಲರ್ಜಿಕಾರಕವಲ್ಲದ ದ್ರವ್ಯವೆಂದು ಹೆಸರಿಸಿ, ಜನರ ಭೀತಿಯನ್ನು ಪರೋಕ್ಷವಾಗಿ ಗದರಿಸಿತು.

ಭೀತಿಯ ಫಲವೇನಾಯಿತು? ಪ್ಯಾರಾಬೆನ್ ಬೇಡವೆಂದು ಗ್ರಾಹಕರು ಹೇಳಿದೊಡನೆ ಕಾರ್ಖಾನೆಗಳು ಬೇರೆ ಕಾವಲುಗಾರರನ್ನು ಹುಡುಕಿದವು. ಅವರಲ್ಲೊಬ್ಬನ ಹೆಸರು ಮಿಥೈಲ್ ಐಸೊಥಯಾಜೊಲಿನೋನ್. ಇದು ತನ್ನ ಸಂಗಾತಿಯಾದ ಕ್ಲೋರಿನ್‌ಯುಕ್ತ ಐಸೊಥಯಾಜೊಲಿನೋನಿನೊಡನೆ ಬೆರೆತು ಬರುತ್ತಿದ್ದಾಗಲೇ ಅನೇಕರಿಗೆ ಅಲರ್ಜಿ ತರುತ್ತಿದ್ದುದರಿಂದ, ಆ ಮಿಶ್ರಣವನ್ನು ಹತ್ತು ಲಕ್ಷದಲ್ಲಿ 15 ಭಾಗಕ್ಕೆ ಮಿತಿಗೊಳಿಸಲಾಗಿತ್ತು. ಸಂಗಾತಿಯೇ ಹೆಚ್ಚು ಕೆಟ್ಟವನೆಂದು ಭಾವಿಸಿ, 2005ರಲ್ಲಿ ಯುರೋಪು ಮಿಥೈಲ್ ಐಸೊಥಯಾಜೊಲಿನೋನನ್ನು ಒಂಟಿಯಾಗಿ, ಹತ್ತು ಲಕ್ಷದಲ್ಲಿ 100 ಭಾಗದವರೆಗೆ ಬಳಸಲು ಅನುಮತಿಯಿತ್ತಿತು. ಮುಂದಿನ ಕೆಲವು ವರ್ಷಗಳಲ್ಲಿ ಮುಖ, ಕಣ್ಣೆವೆ, ಕೈಗಳಲ್ಲಿ ಇಸಬು ಎದ್ದವರ ಸಾಲು ಯುರೋಪಿನ ಚಿಕಿತ್ಸಾಲಯಗಳಲ್ಲಿ ಬೆಳೆಯಿತು. ಒದ್ದೆ ಟಿಷ್ಯೂವಿನಿಂದ ಕೂಸಿನ ತೊಡೆಸಂದನ್ನು ಒರೆಸಿದ ತಾಯಂದಿರ ಕೈಗೂ, ಒರೆಸಿಕೊಂಡ ಕೂಸುಗಳ ಮೈಗೂ ಅದು ಬಂದಿತು. 2013ರಲ್ಲಿ ಅದೇ ಅಮೆರಿಕದ ಸಂಘವು ಇದನ್ನು ವರ್ಷದ ಅಲರ್ಜಿಕಾರಕವೆಂದು ಸಾರಿತು; 2017ರಿಂದ ಯುರೋಪಿನಲ್ಲಿ ಮೈಮೇಲೆ ಉಳಿಯುವ ಪ್ರಸಾಧನಗಳಲ್ಲಿ ಅದು ನಿಷಿದ್ಧ, ತೊಳೆದುಹೋಗುವವುಗಳಲ್ಲಿ 2018ರಿಂದ 15 ಭಾಗ ಮಾತ್ರ. ಅಲರ್ಜಿಕಾರಕವೆಂದು ಗೊತ್ತಿದ್ದ ದ್ರವ್ಯದ ಪ್ರಮಾಣವನ್ನು ಏರಿಸಿ, ಜನರ ಚರ್ಮದ ಮೇಲೆಯೇ ಅದರ ಪರೀಕ್ಷೆ ನಡೆಯುವಂತೆ ಮಾಡಿದ ಈ ನಡತೆಯನ್ನು ನಾನು ಅಕ್ಷಮ್ಯವೆಂದೇ ಎಣಿಸುತ್ತೇನೆ. ನೀರಿನಲ್ಲಿ ಕಲಸುವ ಗೋಡೆಯ ಬಣ್ಣಗಳಲ್ಲಿಯೂ ಇದೇ ದ್ರವ್ಯವಿರುತ್ತದೆ. ಇದಕ್ಕೆ ಅಲರ್ಜಿಯಾದವರು ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಮಲಗಿದರೂ ಮುಖ ಊದಿಕೊಳ್ಳುವುದುಂಟು.

ಫಾರ್ಮಾಲ್ಡಿಹೈಡಿನದು ಇನ್ನೊಂದು ಕಥೆ. ಅದನ್ನೇ ನೇರವಾಗಿ ಬೆರೆಸುವುದರ ಬದಲು, ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಂ–15 ಮೊದಲಾದ, ನಿಧಾನವಾಗಿ ಅದನ್ನು ಬಿಡುಗಡೆಮಾಡುವ ದ್ರವ್ಯಗಳನ್ನು ಬೆರೆಸುತ್ತಾರೆ. ಪಟ್ಟಿಯಲ್ಲಿ ಫಾರ್ಮಾಲ್ಡಿಹೈಡ್ ಎಂಬ ಹೆಸರು ಕಾಣುವುದಿಲ್ಲ, ಬಾಟಲಿಯಲ್ಲಿ ಅದು ಇರುತ್ತದೆ. 2019ರಲ್ಲಿ ರಾಜಸ್ಥಾನದ ಔಷಧ ನಿಯಂತ್ರಣ ಇಲಾಖೆಯು ಮಕ್ಕಳ ಶಾಂಪೂವೊಂದರ ಮಾದರಿಗಳಲ್ಲಿ ಫಾರ್ಮಾಲ್ಡಿಹೈಡ್ ಕಂಡಿತೆಂದು ಹೇಳಿ, ಕಂಪನಿಯು ಅದನ್ನು ಅಲ್ಲಗಳೆದಾಗ ದೇಶದ ಪತ್ರಿಕೆಗಳಲ್ಲಿ ಗದ್ದಲವೆದ್ದಿತ್ತು.

ಇನ್ನು ಚರ್ಮದ ಔಷಧಗಳ ಮಾತು. ನಮ್ಮ ಹಳ್ಳಿಗಳ ಮಟ್ಟಿಗೆ ಇದು ಸೌಂದರ್ಯ ಸಾಧನಕ್ಕಿಂತ ದೊಡ್ಡ ವಿಷಯ. ಕಬ್ಬಿನ ಹೊಲದಲ್ಲಿ ಬೆವರಿಳಿಸಿ ದುಡಿಯುವವರ ತೊಡೆಸಂದಿನಲ್ಲಿ ಗಜಕರ್ಣವೂ, ರಬಕವಿ–ಬನಹಟ್ಟಿಯ ನೇಕಾರರ ಕೇರಿಗಳಲ್ಲಿ ಬಣ್ಣದ ನೀರಿನಲ್ಲಿ ಕೈಯಾಡಿಸುವವರ ಬೆರಳುಗಳಲ್ಲಿ ಇಸಬೂ ಏಳುವುದು ಅಪರೂಪವಲ್ಲ. ಅಂಥವರು ವೈದ್ಯರ ಬಳಿಗೆ ಹೋಗದೆ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬನ್ನು ತರುತ್ತಾರೆ. ಅದು ಬಹುಮಟ್ಟಿಗೆ ಸ್ಟಿರಾಯ್ಡ್ ಬೆರೆತ ಕ್ರೀಮಾಗಿರುತ್ತದೆ. ಅಂಥ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದರೂ ಮಾರಾಟ ನಿಂತಿಲ್ಲ. ಈಗ ಗಮನಿಸತಕ್ಕ ಸಂಗತಿಯಿದು: ಆ ಟ್ಯೂಬಿನಲ್ಲಿರುವ ಸಂರಕ್ಷಕಕ್ಕೇ ರೋಗಿಯ ಚರ್ಮವು ಅಲರ್ಜಿ ಬೆಳೆಸಿಕೊಂಡರೆ, ಸಂರಕ್ಷಕವು ಕೆರಳಿಸುತ್ತದೆ, ಅದೇ ಟ್ಯೂಬಿನ ಸ್ಟಿರಾಯ್ಡು ಶಮನಗೊಳಿಸುತ್ತದೆ, ಎರಡರ ನಡುವೆ ಸಿಕ್ಕ ರೋಗಿಗೆ ವಾಸಿಯೂ ಆಗದು, ಕಾರಣವೂ ತಿಳಿಯದು. ಹಚ್ಚುವುದನ್ನು ಬಿಟ್ಟರೆ ಹೆಚ್ಚಾಗುತ್ತದೆಂದು ಮತ್ತೆ ಹಚ್ಚುತ್ತಾರೆ.

ಗಾಯವಾದ, ಒಡೆದ ಚರ್ಮಕ್ಕೆ ಒಂದು ನ್ಯಾಯ, ಆರೋಗ್ಯವಾದ ಚರ್ಮಕ್ಕೆ ಇನ್ನೊಂದು ನ್ಯಾಯ. ನ್ಯೂಯಾರ್ಕಿನ ಅಲೆಕ್ಸಾಂಡರ್ ಫಿಶರ್ ಎಂಬ ಚರ್ಮವೈದ್ಯರು 1973ರಲ್ಲಿ ಇದನ್ನು ವಿವರಿಸಿದರು: ಕಾಲಿನ ಹಳೆಯ ಹುಣ್ಣಿನ ಮೇಲೆ ಔಷಧದಲ್ಲಿನ ಪ್ಯಾರಾಬೆನ್ನಿಗೆ ಅಲರ್ಜಿಗೊಂಡವರೇ, ಅದೇ ಪ್ಯಾರಾಬೆನ್ ಇರುವ ಮುಖದ ಕ್ರೀಮನ್ನು ಯಾವ ತೊಂದರೆಯೂ ಇಲ್ಲದೆ ಹಚ್ಚಿಕೊಳ್ಳಬಲ್ಲರು. ಆದುದರಿಂದ ಪ್ರಸಾಧನದಲ್ಲಿ ಕ್ಷಮಿಸಬಹುದಾದ ದ್ರವ್ಯವನ್ನು ಹುಣ್ಣಿನ ಔಷಧದಲ್ಲಿ ಸಂಶಯದಿಂದಲೇ ನೋಡತಕ್ಕದ್ದು.

ಇದಕ್ಕೆ ಸುಲಭವಾದ ಪರಿಹಾರವೊಂದು ಔಷಧದ ಅಂಗಡಿಯಲ್ಲಿಯೇ ಇದೆ, ಮತ್ತು ಅದು ನಾವು ಮೊದಲು ಹೇಳಿದ ನೀರಿನ ನಿಯಮದಿಂದಲೇ ಹೊರಡುತ್ತದೆ. ಒಂದೇ ಔಷಧವು ಸಾಮಾನ್ಯವಾಗಿ ಕ್ರೀಮು, ಆಯಿಂಟ್‌ಮೆಂಟು ಎಂಬ ಎರಡು ರೂಪಗಳಲ್ಲಿ ದೊರೆಯುತ್ತದೆ. ಕ್ರೀಮು ಬೆಳ್ಳಗಿದ್ದು ಬೇಗನೆ ಒಳಗಿಳಿಯುತ್ತದೆ. ಅದರಲ್ಲಿ ನೀರಿದೆ, ಆದ್ದರಿಂದ ಸಂರಕ್ಷಕವೂ ಇದೆ. ಆಯಿಂಟ್‌ಮೆಂಟು ಪಾರದರ್ಶಕವಾಗಿ, ಜಿಡ್ಡಾಗಿ ವ್ಯಾಸಲೀನಿನಂತಿರುತ್ತದೆ. ಅದರಲ್ಲಿ ಬಹುಮಟ್ಟಿಗೆ ಪ್ಯಾರಾಫಿನ್ ಮಾತ್ರವಿದ್ದು ನೀರಿಲ್ಲದ್ದರಿಂದ ಸಂರಕ್ಷಕದ ಅಗತ್ಯವೂ ಇಲ್ಲ. ಬೀಟಾಮೆಥಾಸೋನ್ ಕ್ರೀಮಿನ ಟ್ಯೂಬಿನ ಮೇಲೆ ಸಂರಕ್ಷಕವಾಗಿ ಕ್ಲೋರೋಕ್ರೆಸಾಲ್ ಶೇ. 0.1 ಎಂಬಂಥ ಸಾಲು ಮುದ್ರಿತವಾಗಿರುವುದನ್ನು ಯಾರಾದರೂ ಓದಬಹುದು. ಅದೇ ಔಷಧದ ಆಯಿಂಟ್‌ಮೆಂಟಿನ ಮೇಲೆ ಆ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಬಟ್ಟೆಗೆ ಜಿಡ್ಡು ಹತ್ತುವುದೆಂದು ನಮ್ಮ ಜನ ಆಯಿಂಟ್‌ಮೆಂಟನ್ನು ದೂರವಿಡುತ್ತಾರೆ. ಬೆವರುವ ಸಂದುಗಳಿಗೆ ಅದು ಒಗ್ಗದೆಂಬುದು ನಿಜವೇ. ಆದರೆ ಒಣಗಿ ಬಿರಿದ ಇಸಬಿಗೆ, ಕ್ರೀಮು ಹಚ್ಚಿದಷ್ಟೂ ಉರಿ ಹೆಚ್ಚಾಗುವವರಿಗೆ, ವೈದ್ಯರನ್ನು ಕೇಳಿ ಆಯಿಂಟ್‌ಮೆಂಟಿಗೆ ಬದಲಾಯಿಸಿಕೊಳ್ಳುವುದು ಉತ್ತಮ.

‘ಇಷ್ಟು ವರ್ಷ ಹಚ್ಚಿದರೂ ಏನೂ ಆಗಿರಲಿಲ್ಲ, ಆದ್ದರಿಂದ ಇದು ಕ್ರೀಮಿನಿಂದ ಬಂದುದಲ್ಲ’ ಎಂಬ ತರ್ಕವನ್ನು ಪ್ರತಿಯೊಬ್ಬ ಚರ್ಮವೈದ್ಯನೂ ಕೇಳಿರುತ್ತಾನೆ. ಈ ಬಗೆಯ ಅಲರ್ಜಿಯು ಮೊದಲ ದಿನದ್ದಲ್ಲ. ದೇಹದ ರಕ್ಷಣಾಕೋಶಗಳು ಆ ದ್ರವ್ಯವನ್ನು ಮೆಲ್ಲನೆ ಪರಿಚಯಿಸಿಕೊಂಡು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಒಂದು ದಿನ ಶತ್ರುವೆಂದು ನಿರ್ಣಯಿಸುತ್ತವೆ. ಆಮೇಲೆ ಅದು ಜನ್ಮಪರ್ಯಂತ ಉಳಿಯುವುದೇ ಹೆಚ್ಚು. ಯಾವ ದ್ರವ್ಯಕ್ಕೆಂಬುದನ್ನು ತಿಳಿಯಲು ಪ್ಯಾಚ್ ಪರೀಕ್ಷೆಯಿದೆ. ಶಂಕಿತ ದ್ರವ್ಯಗಳ ಅಲ್ಪ ಪ್ರಮಾಣವನ್ನು ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು, ಮತ್ತೆ ಒಂದೆರಡು ದಿನಗಳ ಮೇಲೆ ಎಲ್ಲಿ ಕೆಂಪಾಗಿ ಗಂಧೆಯೆದ್ದಿದೆಯೆಂದು ನೋಡುತ್ತಾರೆ. ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಇದರ ವಿಷಯವಾಗಿ ವಿಚಾರಿಸಬಹುದು. ಹೊಸ ಕ್ರೀಮನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡುವ ಕ್ರಮವು ಮನೆಯಲ್ಲಿಯೇ ಸಾಧ್ಯ.

ಸಂರಕ್ಷಕವನ್ನು ನಾವೇ ಸೋಲಿಸುವ ಬಗೆಗಳೂ ಉಂಟು. ಶಾಂಪೂ ಮುಗಿಯುತ್ತ ಬಂದಾಗ ಬಾಟಲಿಗೆ ನೀರು ಬೆರೆಸಿ ಕುಲುಕಿ ಇಡುವ ಪದ್ಧತಿಯು ಮಿತವ್ಯಯದ ದೃಷ್ಟಿಯಿಂದ ಶ್ಲಾಘ್ಯವಾದರೂ, ಅದರಿಂದ ಸಂರಕ್ಷಕವು ತೆಳುವಾಗಿ ಉಳಿದುದು ಕೆಡತೊಡಗುತ್ತದೆ. ಬೆರೆಸಿದರೆ ಅಂದೇ ಮುಗಿಸಬೇಕು. ಬೆರಳು ಒಳಗಿಳಿಯದ್ದರಿಂದ ಡಬ್ಬಿಗಿಂತ ಟ್ಯೂಬು ಲೇಸು. ಅವುಗಳ ಮೇಲಿನ ತೆರೆದ ಮುಚ್ಚಳದ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳೆಂದರ್ಥ.

ಕೊನೆಯದಾಗಿ, ಕಾನೂನಿನ ಒಂದು ರಂಧ್ರದ ಕುರಿತು ಹೇಳಲೇಬೇಕು. ನಮ್ಮ ದೇಶದ ನಿಯಮದಂತೆ ಪ್ರಸಾಧನಗಳ ಮೇಲೆ ಘಟಕಗಳ ಪಟ್ಟಿ ಇರತಕ್ಕದ್ದು: ಶೇಕಡಾ ಒಂದಕ್ಕಿಂತ ಹೆಚ್ಚಿರುವವು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ಅದಕ್ಕಿಂತ ಕಡಿಮೆಯವು ಆಮೇಲೆ ಹೇಗೆಂದರೆ ಹಾಗೆ. ಸಂರಕ್ಷಕಗಳು ಈ ಬಾಲದಲ್ಲಿಯೇ ಇರುವುದರಿಂದ ಪಟ್ಟಿಯನ್ನು ಕೊನೆಯಿಂದ ಓದುವುದು ಒಳ್ಳೆಯದು. ಆದರೆ 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೂ 30 ಗ್ರಾಮಿಗಿಂತ ಕಡಿಮೆಯ ಗಟ್ಟಿ ಪದಾರ್ಥಕ್ಕೂ ಈ ಪಟ್ಟಿಯಿಂದ ವಿನಾಯಿತಿಯಿದೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶ್ರೀಮಂತರ ಸರಕು ಬಡವರಿಗೂ ಸಿಗಲೆಂದು ಶಾಂಪೂವನ್ನು ಪುಟ್ಟ ಪೊಟ್ಟಣಗಳಲ್ಲಿ ತುಂಬಿ ಮಾರಿದ ಕಾಲದಿಂದ, ಹಳ್ಳಿಯ ಅಂಗಡಿಯ ತೊಲೆಯಿಂದ ಇಳಿಬಿದ್ದಿರುವುದು ಆ ಪೊಟ್ಟಣಗಳ ಮಾಲೆಯೇ. ಬೆಂಗಳೂರಿನಲ್ಲಿ ದೊಡ್ಡ ಬಾಟಲಿ ಕೊಳ್ಳುವವರಿಗೆ ಹೇಳಬೇಕಾದುದನ್ನು ಗಲಗಲಿಯಲ್ಲಿ ಪೊಟ್ಟಣ ಕೊಳ್ಳುವವರಿಗೆ ಹೇಳಬೇಕಾಗಿಲ್ಲವೆಂದು ಇದರ ಅರ್ಥವಾಯಿತು. ಪ್ಯಾಚ್ ಪರೀಕ್ಷೆ ಮಾಡಿಸಿಕೊಂಡು ತನಗಾಗದ ದ್ರವ್ಯದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದ ಹೆಣ್ಣುಮಗಳು ಆ ಹೆಸರನ್ನು ಎಲ್ಲಿ ಹುಡುಕಬೇಕು? ಈ ವಿನಾಯಿತಿಯು ರದ್ದಾಗತಕ್ಕದ್ದು. ಪೂರ್ಣ ಪಟ್ಟಿಗೆ ಜಾಗವಿಲ್ಲದಿದ್ದರೆ ಸಂರಕ್ಷಕಗಳ ಹೆಸರುಗಳಾದರೂ, ಕನ್ನಡದಲ್ಲಿ, ಪೊಟ್ಟಣದ ಮೇಲೆ ಇರತಕ್ಕದ್ದು. ಅದಾಗುವವರೆಗೆ ಓದುಗರು ಒಂದು ಕೆಲಸವನ್ನು ಮಾಡಬಹುದು: ಪೊಟ್ಟಣವನ್ನು ಹರಿದುಕೊಳ್ಳುವ ಮೊದಲು, ಜಮಖಂಡಿಯ ಪೇಟೆಗೋ ಬಾಗಲಕೋಟೆಗೋ ಹೋದಾಗ ಅದೇ ಸರಕಿನ ದೊಡ್ಡ ಬಾಟಲಿಯನ್ನು ಕೇಳಿ ಪಡೆದು, ಹಿಂಬದಿಯ ಪಟ್ಟಿಯ ಕೊನೆಯ ಐದಾರು ಹೆಸರುಗಳನ್ನು ಬರೆದುಕೊಂಡು ಬನ್ನಿ.